ಧ್ಯಾನದಿಂದ ಆರೋಗ್ಯಕ್ಕೆ ಏನು ಲಾಭ, ಶುರು ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರಿಗಾಗಿ ಈ ಪುಟ. ಬಿಪಿ, ಶುಗರ್ ಮಾತ್ರೆ ನುಂಗುವವರು, ರಾತ್ರಿ ಪಾಳಿ ದುಡಿಯುವವರು, ಮಂಡಿ ನೋವಿನಿಂದ ನೆಲಕ್ಕೆ ಕೂರಲಾಗದವರು, ಇಂಥವರನ್ನೇ ಮುಖ್ಯವಾಗಿ ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೇವೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಮೊದಲು "ಯಾರು ಎಚ್ಚರ ವಹಿಸಬೇಕು?" ಎಂಬ ಪ್ರಶ್ನೆಗೆ ಹೋಗಿ, ಆಮೇಲೆ ಉಳಿದದ್ದನ್ನು ಓದಿ.

ಧ್ಯಾನಕ್ಕೆ ಕೂತಾಗ ದೇಹದಲ್ಲಿ ಏನಾಗುತ್ತದೆ?

ಹೆದರಿಕೆ, ಸಿಟ್ಟು, ಚಿಂತೆ ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆಬಡಿತ ಜೋರಾಗುತ್ತದೆ, ರಕ್ತನಾಳ ಬಿಗಿಯುತ್ತದೆ, ಜೀರ್ಣ ನಿಧಾನವಾಗುತ್ತದೆ. ಹಾವು ಕಂಡು ಓಡುವಾಗ ಇದೆಲ್ಲ ಬೇಕು. ಹಾವು ಹೋದರೆ ದೇಹ ತಣ್ಣಗಾಗುತ್ತದೆ. ಆದರೆ ಮೆಣಸಿನಕಾಯಿ ದರ ಬಿದ್ದ ಚಿಂತೆ, ಬ್ಯಾಂಕಿನ ಕಂತಿನ ಚಿಂತೆ ಹಾಗೆ ಹೋಗುವಂಥದ್ದಲ್ಲ. ತಿಂಗಳುಗಟ್ಟಲೆ ದೇಹ ಅದೇ ಬಿಗಿತದಲ್ಲಿ ಉಳಿದುಬಿಡುತ್ತದೆ.

ಸದ್ದಿಲ್ಲದೆ ಕೂತು ಉಸಿರನ್ನು ಗಮನಿಸತೊಡಗಿದರೆ ಉಸಿರು ತಾನಾಗಿ ನಿಧಾನವಾಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಧ್ಯಾನದಲ್ಲಿ ಅನೇಕರಿಗೆ ಇದು ಅದಕ್ಕಿಂತ ಕೆಳಗಿಳಿಯುತ್ತದೆ. ಉಸಿರು ಒಳಗೆಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಹೊರಬಿಟ್ಟಾಗ ಇಳಿಯುತ್ತದೆ. ಮೆದುಳಿನಿಂದ ಹೃದಯ, ಹೊಟ್ಟೆಗಳಿಗೆ ಇಳಿಯುವ ವೇಗಸ್ ನರದ ಕೆಲಸ ಇದು. ಅದಕ್ಕೇ ನಿಡಿದಾಗಿ ಉಸಿರು ಬಿಡುವುದೇ ದೇಹವನ್ನು ತಣ್ಣಗಾಗಿಸುವ ಸುಲಭದ ದಾರಿ.

ಇದು ಆ ಹೊತ್ತಿನ ಪರಿಣಾಮ. ದಿನವೂ ಮಾಡಿದಾಗ ಬರುವ ದೊಡ್ಡ ಲಾಭ ಬೇರೆ ಇದೆ. ಸಿಟ್ಟು ಬಾಯಿಗೆ ಬರುವ ಮುಂಚೆಯೇ ಎದೆಯಲ್ಲಿ ಬಿಸಿಯಾಗಿ ಏಳುವುದು ನಿಮಗೆ ಗೊತ್ತಾಗತೊಡಗುತ್ತದೆ. ಮನೆಯಲ್ಲಿ ಎಷ್ಟೋ ಜಗಳ ಆ ಒಂದು ಕ್ಷಣದಲ್ಲೇ ತಪ್ಪುತ್ತದೆ.

ಸಂಶೋಧನೆಗಳಲ್ಲಿ ಇದಕ್ಕೆ ಆಧಾರ ಇದೆಯೇ?

ಇದೆ. ಆದರೆ ವಾಟ್ಸಾಪ್‌ನಲ್ಲಿ ಹರಿದಾಡುವಷ್ಟು ಇಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ 8 ವಾರಗಳ ಧ್ಯಾನ ಕಾರ್ಯಕ್ರಮ ಆರಂಭಿಸಿದರು. ಮುಂದೆ ನಡೆದ ಎಷ್ಟೋ ಅಧ್ಯಯನಗಳಿಗೆ ಅದೇ ಮಾದರಿ. 2014ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯೊಂದು 47 ಪ್ರಯೋಗಗಳನ್ನು, ಒಟ್ಟು 3,515 ಜನರ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯನ್ನು ಪ್ರಕಟಿಸಿತು. ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಧ್ಯಾನದಿಂದ ಸಾಧಾರಣ ಪ್ರಮಾಣದ ಸುಧಾರಣೆ ಕಂಡುಬಂದಿತ್ತು. ವ್ಯಾಯಾಮ ಅಥವಾ ಔಷಧಿಗಿಂತ ಧ್ಯಾನವೇ ಮೇಲು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ.

2022ರ ಇನ್ನೊಂದು ಅಧ್ಯಯನದಲ್ಲಿ, ಆತಂಕದ ಕಾಯಿಲೆ ಇರುವವರಿಗೆ 8 ವಾರಗಳ ಈ ಕಾರ್ಯಕ್ರಮವು ಆತಂಕಕ್ಕೆ ವೈದ್ಯರು ಕೊಡುವ ಎಸಿಟಾಲೋಪ್ರಾಮ್ ಮಾತ್ರೆಗಿಂತ ಕಡಿಮೆಯೇನಲ್ಲ ಎಂದು ಕಂಡುಬಂತು. ಈ ಸುದ್ದಿ ಓದಿ ಮಾತ್ರೆ ಬಿಟ್ಟವರೂ ಇರಬಹುದು, ಆದ್ದರಿಂದ ಒತ್ತಿ ಹೇಳುತ್ತೇವೆ: ಅದರಲ್ಲಿ ಭಾಗವಹಿಸಿದವರು ವಾರಕ್ಕೊಮ್ಮೆ ಎರಡೂವರೆ ತಾಸು ತರಬೇತಾದ ಶಿಕ್ಷಕರ ಎದುರು ಕೂತಿದ್ದರು, ಮನೆಯಲ್ಲಿ ದಿನಕ್ಕೆ 45 ನಿಮಿಷ ಅಭ್ಯಾಸ ಮಾಡಬೇಕಿತ್ತು. ದಿನಕ್ಕೆ ಐದು ನಿಮಿಷ ಕಣ್ಣು ಮುಚ್ಚಿದರೆ ಅದೇ ಫಲ ಸಿಗುತ್ತದೆ ಎಂದು ಯಾರೂ ತೋರಿಸಿಲ್ಲ.

ಬಿಪಿ ಮಾತ್ರೆ ಬಿಡಬಹುದೇ?

ಬಿಡಬೇಡಿ. ಧ್ಯಾನದಿಂದ ಬಿಪಿ ಸಾಮಾನ್ಯವಾಗಿ ಕೆಲವೇ ಅಂಕ ಇಳಿಯುತ್ತದೆ, ಅದೂ ಎಲ್ಲರಿಗೂ ಅಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿದ್ದೂ ಇಷ್ಟೇ: ಊಟದ ಕ್ರಮ, ನಡಿಗೆ, ಔಷಧಿಗಳ ಜೊತೆಗೆ ಧ್ಯಾನವನ್ನೂ ಸೇರಿಸಿಕೊಳ್ಳಬಹುದು. ಅವುಗಳ ಬದಲಿಗೆ ಅಲ್ಲ.

ಧ್ಯಾನ ಮುಗಿದ ಕೂಡಲೇ ಬಿಪಿ ನೋಡಿ "ನಾರ್ಮಲ್ ಆಯ್ತು" ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅದು ಆ ಹೊತ್ತಿನ ಅಂಕ ಮಾತ್ರ. ಬೆಳಿಗ್ಗೆ ಮಾತ್ರೆ, ಚಹಾ, ಧ್ಯಾನ ಯಾವುದಕ್ಕೂ ಮುಂಚೆ, ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಕುರ್ಚಿಯಲ್ಲಿ ಕೂತು, ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಎರಡು ಸಲ ಅಳೆಯಿರಿ. ಒಂದು ವಾರದ ಅಂಕಗಳನ್ನು ಬರೆದು ವೈದ್ಯರಿಗೆ ತೋರಿಸಿ. ಮಾತ್ರೆ ಕಡಿಮೆ ಮಾಡುವುದು ಅವರ ತೀರ್ಮಾನ. ಬಿಪಿ 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಧ್ಯಾನಕ್ಕೆ ಕೂರುವ ಹೊತ್ತಲ್ಲ ಅದು, 108ಕ್ಕೆ ಕರೆ ಮಾಡಿ.

ಶುಗರ್ ಇರುವವರು ಮಾಡಬಹುದೇ?

ಮಾಡಬಹುದು. ಇನ್ಸುಲಿನ್ ಚುಚ್ಚಿಕೊಂಡು ಊಟ ಮಾಡದೆ ಮಾತ್ರ ಕೂರಬೇಡಿ. ಕೂತಾಗ ಮೈ ಬೆವರಿ, ಕೈ ನಡುಗಿ, ಎದೆ ಡವಡವ ಅಂದರೆ ಅದನ್ನು ಧ್ಯಾನದ ಅನುಭವ ಎಂದುಕೊಂಡು ಮುಂದುವರಿಸಬೇಡಿ, ಸಕ್ಕರೆ ಇಳಿದಿರಬಹುದು. ಕೂಡಲೇ ಎದ್ದು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಪಾದದ ಸ್ಪರ್ಶ ಕಡಿಮೆಯಾಗಿರುವ ಶುಗರ್ ರೋಗಿಗಳು ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂರದಿರುವುದು ಒಳ್ಳೆಯದು. ಕಾಲು ಒತ್ತಿಹೋದದ್ದು ಅವರಿಗೆ ತಿಳಿಯುವುದೇ ಇಲ್ಲ. ಅವರಿಗೆ ಕುರ್ಚಿಯೇ ಸರಿ.

ಮೊದಲ ದಿನ ಹೇಗೆ ಕೂರಬೇಕು?

ಬೇಕಾಗಿರುವುದು ಒಂದು ಚಾಪೆ, ಒಂದು ಹಳೇ ಕೌದಿ, ಮೊಬೈಲಿನ ಟೈಮರ್. ದುಡ್ಡು ಕೊಟ್ಟು ಕೊಳ್ಳುವ ಆಸನ ಬೇಕಿಲ್ಲ.

ಕೌದಿಯನ್ನು 4ರಿಂದ 6 ಇಂಚು ಎತ್ತರ ಬರುವಂತೆ ಮಡಚಿ, ಅದರ ಮುಂದಿನ ಅಂಚಿನ ಮೇಲೆ ಕುಂಡಿ ಬರುವಂತೆ ಕೂತುಕೊಳ್ಳಿ. ಕಾಲು ಮುಂದೆ, ಚಾಪೆಯ ಮೇಲೆ ಇರಲಿ. ಸೊಂಟ ಮಂಡಿಗಿಂತ ಮೇಲಿರಬೇಕು, ಇಡೀ ಭಂಗಿಯ ಗುಟ್ಟು ಇದೊಂದೇ. ಬರೀ ನೆಲದ ಮೇಲೆ ಕೂತರೆ ಸೊಂಟ ಹಿಂದಕ್ಕೆ ಉರುಳಿ ಬೆನ್ನು ಗೂನಾಗುತ್ತದೆ, ಹತ್ತು ನಿಮಿಷದಲ್ಲಿ ನಡು ಹಿಡಿದುಕೊಳ್ಳುತ್ತದೆ. ಆಮೇಲೆ ಜನ "ಧ್ಯಾನ ನನಗಾಗದು" ಎಂದು ಎದ್ದುಬಿಡುತ್ತಾರೆ. ಆಗದಿದ್ದದ್ದು ಧ್ಯಾನವಲ್ಲ, ಕೂತ ರೀತಿ. ಮಂಡಿ ನೆಲ ಮುಟ್ಟದೆ ತೂಗುತ್ತಿದ್ದರೆ ಅದರಡಿ ದಿಂಬು ಕೊಡಿ. ಪದ್ಮಾಸನ ಬೇಕಾಗಿಲ್ಲ.

ಕುರ್ಚಿಯಾದರೆ ಕೈ ಇಲ್ಲದ, ಗಟ್ಟಿ ಕುರ್ಚಿ ಆರಿಸಿ. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಬಾಗಿರುತ್ತದೆ, ಅದರ ಹಿಂಭಾಗಕ್ಕೆ ಮಡಚಿದ ಟವೆಲ್ ಇಟ್ಟು ಸಮ ಮಾಡಿಕೊಳ್ಳಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿರಲಿ.

ಕೈ ತೊಡೆಯ ಮೇಲೆ, ಗದ್ದ ಚೂರು ಒಳಗೆ, ನಾಲಿಗೆ ಸಡಿಲ. ಕಣ್ಣು ಮುಚ್ಚಬಹುದು, ಅಥವಾ ಮೂರು ಅಡಿ ಮುಂದಿನ ನೆಲದ ಮೇಲೆ ಅರ್ಧ ತೆರೆದ ನೋಟ ನಿಲ್ಲಿಸಬಹುದು. ನಿದ್ದೆ ಬೇಗ ಬರುವವರಿಗೂ ಕಣ್ಣು ಮುಚ್ಚಿದರೆ ಹೆದರಿಕೆಯಾಗುವವರಿಗೂ ಅರ್ಧ ತೆರೆದ ಕಣ್ಣೇ ಒಳ್ಳೆಯದು.

ಮೊದಲು ಮೂರು ಉಸಿರು ನಿಡಿದಾಗಿ ಬಿಡಿ. ಅಲ್ಲಿಂದ ಮುಂದೆ ಉಸಿರನ್ನು ಅದರ ಪಾಡಿಗೆ ಬಿಟ್ಟುಬಿಡಿ. ಎಳೆಯುವುದೂ ತಡೆಯುವುದೂ ಬೇಡ. ಮೂಗಿನ ಹೊಳ್ಳೆಯಲ್ಲಿ ತಣ್ಣಗೆ ಒಳಬರುವ, ಬೆಚ್ಚಗೆ ಹೊರಹೋಗುವ ಗಾಳಿ ತಿಳಿಯುತ್ತದೆಯೇ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಒಳಗೆ ಬರುವ ಗಾಳಿಯೂ ಬಿಸಿಯೇ, ವ್ಯತ್ಯಾಸ ತಿಳಿಯದಿದ್ದರೆ ಹೊಟ್ಟೆಯ ಏರಿಳಿತ ಹಿಡಿಯಿರಿ. ಉಸಿರು ಹೊರಹೋದಾಗ ಮನಸ್ಸಿನಲ್ಲೇ "ಒಂದು" ಅನ್ನಿ, ಮುಂದಿನದಕ್ಕೆ "ಎರಡು". ಹತ್ತಕ್ಕೆ ಮುಗಿಸಿ ಮತ್ತೆ ಒಂದರಿಂದ ಶುರು. ಲೆಕ್ಕ ತಪ್ಪಿದರೆ, ಎಣಿಕೆ ಹದಿನೇಳಕ್ಕೆ ಹೋಗಿದ್ದರೆ, ಬೇಸರವಿಲ್ಲದೆ ಒಂದಕ್ಕೆ ಬನ್ನಿ.

ಟೈಮರ್ ಬಾರಿಸಿದ ಕೂಡಲೇ ಏಳಬೇಡಿ. ಕೈಬೆರಳು ಆಡಿಸಿ, ಕಾಲು ಚಾಚಿ, ಅರ್ಧ ನಿಮಿಷ ಕೂತು ನಿಧಾನಕ್ಕೆ ಎದ್ದೇಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಒಮ್ಮೆಲೇ ಎದ್ದರೆ ಕಣ್ಣು ಕತ್ತಲೆ ಬರಬಹುದು.

ಎಷ್ಟು ಹೊತ್ತು? ಯಾವ ವೇಳೆಗೆ?

ಮೊದಲ ವಾರ ದಿನಕ್ಕೆ 5 ನಿಮಿಷ. ಎರಡನೇ ವಾರ 8, ಮೂರು-ನಾಲ್ಕನೇ ವಾರ 10ರಿಂದ 12, ಎರಡು ತಿಂಗಳ ಹೊತ್ತಿಗೆ 20. ಭಾನುವಾರ ಒಂದು ತಾಸು ಕೂತು ವಾರವೆಲ್ಲ ಬಿಡುವುದಕ್ಕಿಂತ ದಿನಾ 10 ನಿಮಿಷ ಮೇಲು.

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮುಂಜಾನೆ 5ರಿಂದ 6ರ ಹೊತ್ತು ಬಿಟ್ಟರೆ ರಾತ್ರಿ ಮಾಳಿಗೆ ತಣಿದ ಮೇಲೆ ಕೂರುವುದು ವಾಸಿ. ಕೂರುವ ಮುಂಚೆ ಒಂದು ಲೋಟ ನೀರು ಕುಡಿಯಿರಿ. ಫ್ಯಾನಿನ ಸದ್ದು ತೊಂದರೆಯಲ್ಲ, ಕರೆಂಟು ಹೋದರೂ ಧ್ಯಾನ ನಿಲ್ಲಬೇಕಿಲ್ಲ. ಧಗೆಯಲ್ಲಿ ಬಾಗಿಲು ಮುಚ್ಚಿಕೊಂಡು ಬೆವರುತ್ತ ಹಟದಿಂದ ಕೂರುವುದರಲ್ಲಿ ಮಾತ್ರ ಯಾವ ಸಾಧನೆಯೂ ಇಲ್ಲ.

ಹೊಟ್ಟೆ ತುಂಬ ರೊಟ್ಟಿ ಊಟವಾದ ಮೇಲೆ ಎರಡು ತಾಸು ಬಿಡಿ. ಇಲ್ಲದಿದ್ದರೆ ತೂಕಡಿಕೆ ಖಚಿತ.

ಮನಸ್ಸು ನಿಲ್ಲುವುದೇ ಇಲ್ಲ, ಏನು ಮಾಡಲಿ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕೇಳಿ ಹೆಚ್ಚಿನವರಿಗೆ ಸಮಾಧಾನವಾಗುತ್ತದೆ: ಮನಸ್ಸು ನಿಲ್ಲಬೇಕಾಗಿಲ್ಲ. ಹೊಸಬರ ಮನಸ್ಸು ನಾಲ್ಕೈದು ಉಸಿರಿಗೇ ಸಂತೆಗೆ ಹೊರಟಿರುತ್ತದೆ. ಹೋಗಿದೆ ಎಂದು ತಿಳಿದು ವಾಪಸು ಉಸಿರಿಗೆ ತರುವುದೇ ಅಭ್ಯಾಸ. ಐದು ನಿಮಿಷದಲ್ಲಿ ಮೂವತ್ತು ಸಲ ತಂದಿರಾ? ಮೂವತ್ತು ಸಲ ಅಭ್ಯಾಸ ಮಾಡಿದಿರಿ. ಮನಸ್ಸನ್ನು ಬೈಯುತ್ತ ಕೂರುವುದೂ ಇನ್ನೊಂದು ಯೋಚನೆಯೇ ಆದ್ದರಿಂದ ಬೈಯುವುದನ್ನು ಬಿಡಿ.

ಒಂದೇ ಚಿಂತೆ ಮತ್ತೆ ಮತ್ತೆ ಬರುತ್ತಿದ್ದರೆ ಕೂರುವ ಮುಂಚೆ ಒಂದು ಚೀಟಿಯ ಮೇಲೆ ಬರೆದಿಡಿ: "ನಾಳೆ ಸೊಸೈಟಿಗೆ ಹೋಗಬೇಕು", "ಗೊಬ್ಬರದ ಬಿಲ್ಲು". ಮರೆತುಹೋದೀತು ಎಂಬ ಹೆದರಿಕೆಗೇ ಮನಸ್ಸು ಅದನ್ನು ಹಿಡಿದು ತಿರುಗುತ್ತಿರುತ್ತದೆ.

ಕಾಲು ಜೋಮು, ತಲೆನೋವು, ತಲೆಸುತ್ತು ಬರುತ್ತದೆ. ಇದು ಸರಿಯೇ?

ಜೋಮು ಬರುವುದು ಕಾಲಿನ ನರ ಒತ್ತಿಹೋಗುವುದರಿಂದ. ಕೌದಿಯ ಎತ್ತರ ಹೆಚ್ಚಿಸಿ, ಒಂದು ಕಾಲಿನ ಮೇಲೆ ಇನ್ನೊಂದು ಹಾಕುವ ಬದಲು ಒಂದರ ಮುಂದೆ ಒಂದು ಇಡಿ. ಜೋಮು ಹಿಡಿದ ಕಾಲಿನ ಮೇಲೆ ಒಮ್ಮೆಲೇ ಎದ್ದರೆ ಪಾದ ಹೊರಳಿ ಬೀಳುತ್ತೀರಿ. ಮಂಡಿಯ ಒಳಗೆ ಚುಚ್ಚುವ ನೋವು ಬಂದರೆ ಸಹಿಸಿಕೊಳ್ಳಬೇಡಿ, ಕುರ್ಚಿಗೆ ಬನ್ನಿ.

ತಲೆಸುತ್ತು, ತುಟಿ ಮತ್ತು ಬೆರಳ ತುದಿಯಲ್ಲಿ ಚುಮುಚುಮು ಬಂದರೆ ನೀವು ಉಸಿರನ್ನು ಗಮನಿಸುತ್ತಿಲ್ಲ, ಜೋರಾಗಿ ಎಳೆದು ಬಿಡುತ್ತಿದ್ದೀರಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಕಡಿಮೆಯಾದಾಗ ಹೀಗಾಗುತ್ತದೆ. ಇದನ್ನು "ಕುಂಡಲಿನಿ ಏಳುತ್ತಿದೆ" ಎಂದು ಹೇಳಿ ಮುಂದುವರಿಸಲು ಹಚ್ಚುವವರಿದ್ದಾರೆ, ನಂಬಬೇಡಿ. ನಿಲ್ಲಿಸಿ, ಮಾಮೂಲಿ ಉಸಿರಿಗೆ ಬನ್ನಿ. ಭಸ್ತ್ರಿಕಾ, ಕಪಾಲಭಾತಿಯಂಥ ರಭಸದ ಉಸಿರಾಟ ಬೇರೆಯೇ ಅಭ್ಯಾಸ. ಬಿಪಿ, ಹರ್ನಿಯಾ ಇರುವವರು, ಗರ್ಭಿಣಿಯರು ಅದನ್ನು ಮಾಡಬಾರದು. ಗರ್ಭಿಣಿಯರು ಉಸಿರು ಹಿಡಿದಿಡುವುದನ್ನೂ ಬಿಡಬೇಕು, ಸುಮ್ಮನೆ ಕೂತು ಉಸಿರು ಗಮನಿಸುವುದಕ್ಕೆ ಅಡ್ಡಿಯಿಲ್ಲ.

ತಲೆನೋವು ಬರುವುದು ಬಹುಮಟ್ಟಿಗೆ ಹುಬ್ಬುಗಳ ನಡುವೆ ಕಣ್ಣುಗುಡ್ಡೆ ಎಳೆದು ನೋಡುವವರಿಗೆ. ಗಮನವನ್ನು ಕೆಳಗೆ, ಹೊಟ್ಟೆಗೆ ತನ್ನಿ. ನಿದ್ದೆ ಬರುತ್ತಿದ್ದರೆ ಮೊದಲು ರಾತ್ರಿ ನಿದ್ದೆ ಸಾಕಾಗುತ್ತಿದೆಯೇ ನೋಡಿಕೊಳ್ಳಿ. ಸಾಕಾಗುತ್ತಿದ್ದರೂ ತೂಕಡಿಸಿದರೆ ನಡೆಯುತ್ತ ಮಾಡಿ: ಅಂಗಳದಲ್ಲಿ 12-15 ಹೆಜ್ಜೆ ಹೋಗಿ, ನಿಂತು, ತಿರುಗಿ ಬನ್ನಿ. ಹಿಮ್ಮಡಿ ಊರಿದ್ದು, ಪಾದ ಒತ್ತಿದ್ದು, ಬೆರಳು ಎದ್ದದ್ದು, ಇಷ್ಟನ್ನೇ ಗಮನಿಸಿ.

ದೇವರ ನಾಮ ಹೇಳಬಹುದೇ? ಬೇರೆ ಧರ್ಮದವರು ಮಾಡಬಹುದೇ?

ಎರಡಕ್ಕೂ ಹೌದು. ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿ ನಾಲ್ಕು ಅಂಶ ಗುರುತಿಸಿದರು: ಗದ್ದಲವಿಲ್ಲದ ಜಾಗ, ಸುಖವಾದ ಭಂಗಿ, ಮನಸ್ಸಿನಲ್ಲಿ ಮರುಕಳಿಸುವ ಒಂದು ಪದ, ಯೋಚನೆ ಬಂದರೆ ಬರಲಿ ಎಂಬ ನಿರಾಳ. ಯಾವ ಪದ ಎಂಬುದು ಅವರವರ ಆಯ್ಕೆ.

ಈ ಮಣ್ಣಿನಲ್ಲಿ ಆ ಆಯ್ಕೆಗಳಿಗೆ ಕೊರತೆಯಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ದೃಷ್ಟಿ ನಿಲ್ಲಿಸುವ ಶರಣ ಪದ್ಧತಿ ಇದೆ, ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರ ಪರಂಪರೆಯ ನಾಮಸ್ಮರಣೆ ಇದೆ, ದರ್ಗಾಗಳಲ್ಲಿ ತಸ್ಬೀಹ್ (ಜಪಮಣಿ) ಎಣಿಸುತ್ತ ಮಾಡುವ ಜಿಕ್ರ್ (ದೇವರ ಸ್ಮರಣೆ) ಇದೆ. ನಿಮ್ಮ ಮನೆಯಲ್ಲಿ ಮೊದಲೇ ಇರುವ ರೂಢಿಯಾದರೆ ದಿನಾ ಮಾಡುವುದು ಸುಲಭ. ಉಸಿರು ಬಿಡುವಾಗ ನಿಮ್ಮ ನಾಮ ಒಂದು ಸಲ, ಅಷ್ಟೇ. ಎಣಿಕೆಯ ಗುರಿ ಇಟ್ಟುಕೊಂಡು ಓಡಿಸಿದರೆ ಉಸಿರೂ ಓಡುತ್ತದೆ. ದೇವರನ್ನು ನಂಬದವರು "ಒಳಗೆ", "ಹೊರಗೆ" ಅಂದರೂ ಸಾಕು.

ದೀಪ ನೋಡುವ ತ್ರಾಟಕ ಮಾಡುವವರು ದೀಪವನ್ನು ಕಣ್ಣಿನ ಮಟ್ಟದಲ್ಲಿ, ಎರಡು-ಮೂರು ಅಡಿ ದೂರ, ಗಾಳಿ ಆಡದ ಕಡೆ ಇಡಿ. ಕಣ್ಣೀರು ಬರುವವರೆಗೆ ಹಟ ಹಿಡಿಯಬೇಡಿ. ಮೂರ್ಛೆರೋಗ, ಗ್ಲಾಕೋಮಾ ಇರುವವರಿಗೆ ಇದು ಬೇಡ. ಸೂರ್ಯನನ್ನು ದಿಟ್ಟಿಸುವುದಂತೂ ಯಾರಿಗೂ ಬೇಡ, ಅಕ್ಷಿಪಟಲ ಸುಟ್ಟರೆ ಹಾನಿ ಶಾಶ್ವತವಾಗಬಹುದು.

ಪಾಳಿ ಕೆಲಸ, ಹೊಲದ ಕೆಲಸದ ನಡುವೆ ಹೇಗೆ?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಹಟ್ಟಿಯ ಚಿನ್ನದ ಗಣಿಗಳಲ್ಲಿ ಪಾಳಿಯಲ್ಲಿ ದುಡಿಯುವವರಿಗೆ "ಮುಂಜಾನೆ 5ಕ್ಕೆ ಕೂತುಕೊಳ್ಳಿ" ಎಂಬ ಸಲಹೆ ಉಪಯೋಗಕ್ಕೆ ಬಾರದು. ಗಡಿಯಾರಕ್ಕೆ ಕಟ್ಟದೆ ಸ್ನಾನಕ್ಕೆ ಕಟ್ಟಿ: ಯಾವ ಪಾಳಿಯಾದರೂ ಸ್ನಾನ ಮುಗಿಸಿ ಹತ್ತು ನಿಮಿಷ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಕೂರುವುದು ಬೇಡ, ಮಲಗಿಕೊಂಡೇ ಮಾಡಿ, ನಿದ್ದೆ ಬಂದರೆ ಬರಲಿ. ಬೈಕು, ಲಾರಿ ಓಡಿಸುವಾಗ ಇಯರ್‌ಫೋನ್‌ನಲ್ಲಿ ಧ್ಯಾನದ ಆಡಿಯೋ ಎಂದಿಗೂ ಹಾಕಬೇಡಿ. ಯಂತ್ರದ ಮುಂದೆಯೂ ಅಷ್ಟೇ.

ಗಂಗಾವತಿ, ಸಿಂಧನೂರು ಕಡೆ ನಾಟಿ ಹಚ್ಚಿ ಬಂದ ಹೆಣ್ಣುಮಕ್ಕಳಿಗೆ ಮತ್ತೆ ಬೆನ್ನು ನೆಟ್ಟಗೆ ಕೂರಿ ಎನ್ನುವುದು ಅನ್ಯಾಯ. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ, ಹೊಟ್ಟೆಯ ಮೇಲೆ ಕೈ ಇಟ್ಟು ಏರಿಳಿತ ಗಮನಿಸಿ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಕೂತು ಹೊಲಿಯುವವರು ಚಹಾದ ಹೊತ್ತಿಗೆ ಮೊದಲ ಎರಡು ನಿಮಿಷ ಮಷೀನು ಬಿಟ್ಟು ಎದ್ದು ನಿಂತು, ಭುಜ ಇಳಿಬಿಟ್ಟು, ಹತ್ತು ಉಸಿರು ಎಣಿಸಲಿ.

ರಾತ್ರಿ ನಿದ್ದೆ ಬರದವರು ಏನು ಮಾಡಬೇಕು?

ಮಲಗಿದ ಮೇಲೆ ಎಡಗಾಲ ಬೆರಳಿನಿಂದ ಶುರು ಮಾಡಿ. ಬೆರಳು, ಪಾದ, ಮೀನಖಂಡ, ಮಂಡಿ, ತೊಡೆ, ಆಮೇಲೆ ಬಲಗಾಲು, ಸೊಂಟ, ಹೊಟ್ಟೆ, ಎದೆ, ಕೈಗಳು, ಕುತ್ತಿಗೆ, ದವಡೆ, ಹಣೆ. ಒಂದೊಂದು ಕಡೆ ಮೂರ್ನಾಲ್ಕು ಉಸಿರು ನಿಂತು, ಅಲ್ಲಿ ಬಿಸಿಯೋ ಭಾರವೋ ಬಿಗಿಯೋ ಏನಿದೆ ಎಂದಷ್ಟೇ ನೋಡಿ. "ನಿದ್ದೆ ಬರಲಿ" ಎಂದು ಕಾಯುತ್ತ ಮಾಡಿದರೆ ನಿದ್ದೆ ದೂರ ಹೋಗುತ್ತದೆ. ಸಂಜೆ ಐದರ ಮೇಲಿನ ಚಹಾ, ಹಾಸಿಗೆಯಲ್ಲಿ ಮೊಬೈಲು ಇವೆರಡನ್ನು ಬಿಡದೆ ಇದು ಫಲ ಕೊಡುವುದು ಕಷ್ಟ. ಜೋರು ಗೊರಕೆ, ಹಗಲಿನಲ್ಲಿ ಅತಿ ತೂಕಡಿಕೆ ಇದ್ದರೆ ವೈದ್ಯರಿಗೆ ತೋರಿಸಿ, ಅದು ಧ್ಯಾನದಿಂದ ಹೋಗುವ ತೊಂದರೆಯಲ್ಲ.

ಯಾರು ಎಚ್ಚರ ವಹಿಸಬೇಕು?

ಇಲ್ಲದ ದನಿ ಕೇಳಿಸುವವರು, ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ತೀವ್ರ ಖಿನ್ನತೆ ಇರುವವರು, ಇತ್ತೀಚೆಗೆ ಅಪಘಾತ, ಸಾವು, ಹಿಂಸೆ ಕಂಡವರು ತಮ್ಮ ವೈದ್ಯರನ್ನು ಕೇಳದೆ ಶುರು ಮಾಡಬಾರದು. ಇವರು ದಿನಗಟ್ಟಲೆ ಮೌನವಾಗಿ ಕೂರುವ ಶಿಬಿರಗಳಿಗೆ ನೇರವಾಗಿ ಹೋಗಲೇಬಾರದು. ಏನೂ ಕಾಯಿಲೆ ಇಲ್ಲದವರಿಗೂ ಕೆಲವೊಮ್ಮೆ ಕೂತಾಗ ಅಳು, ಹೆದರಿಕೆ, ಹಳೇ ನೆನಪು ನುಗ್ಗಿ ಬರುತ್ತದೆ. ಆಗ ಕಣ್ಣು ತೆರೆಯಿರಿ, ಪಾದವನ್ನು ನೆಲಕ್ಕೆ ಒತ್ತಿ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಿ, ಮುಖ ತೊಳೆದುಕೊಂಡು ಮನೆಯವರ ಹತ್ತಿರ ಹೋಗಿ ಕೂತುಕೊಳ್ಳಿ. ದಿನವೂ ಹೀಗಾದರೆ ಧ್ಯಾನ ನಿಲ್ಲಿಸಿ, ವೈದ್ಯರನ್ನು ಕಾಣಿ.

ಬದುಕು ಬೇಡ ಎನ್ನಿಸುತ್ತಿದ್ದರೆ ಮೊದಲು ಮಾಡಬೇಕಾದದ್ದು ಧ್ಯಾನವಲ್ಲ, ಫೋನು. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವುಗಳಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಸುವ ವ್ಯವಸ್ಥೆ ರಾಜ್ಯದಲ್ಲಿದೆ, ಹೋಗುವ ಮುಂಚೆ ವಿಚಾರಿಸಿಕೊಳ್ಳಿ. ಇದರಲ್ಲಿ ನಾಚಿಕೆಪಡುವುದಕ್ಕೆ ಏನೂ ಇಲ್ಲ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮನೋಚಿಕಿತ್ಸೆ ಕೊಟ್ಟು ತೋರಿಸಿತು, "ಬಳ್ಳಾರಿ ಮಾದರಿ" ಎಂದು ಅದಕ್ಕೆ ಹೆಸರಾಯಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಜಿಲ್ಲೆಯೇ ಮಾದರಿ.

ಗುರು ಬೇಕೇ? ಆ್ಯಪ್ ಸಾಕೇ?

ಉಸಿರು ಎಣಿಸುವುದಕ್ಕೆ ಇಬ್ಬರೂ ಬೇಡ. 20 ನಿಮಿಷ ದಾಟಿ ಮುಂದೆ ಹೋಗುವವರಿಗೆ ಅನುಭವಸ್ಥರು ಹತ್ತಿರ ಇದ್ದರೆ ಒಳ್ಳೆಯದು. ಕ್ಯಾನ್ಸರ್, ಶುಗರ್ ಪೂರ್ತಿ ವಾಸಿ ಮಾಡುತ್ತೇವೆ ಅನ್ನುವವರು, ಮಾತ್ರೆ ಬಿಡಿಸುವವರು, ಪ್ರಶ್ನೆ ಕೇಳಿದರೆ ಸಿಟ್ಟಾಗುವವರು, ಇಂಥವರ ಹತ್ತಿರ ಎರಡನೇ ಸಲ ಹೋಗಬೇಡಿ. ಆ್ಯಪ್ ಬಳಸುವುದಾದರೆ ಮೊದಲೇ ಡೌನ್‌ಲೋಡ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಫಲ ಎಷ್ಟು ದಿನಕ್ಕೆ ಕಾಣುತ್ತದೆ? ನಡುವೆ ತಪ್ಪಿದರೆ?

ಎರಡು-ಮೂರು ವಾರಕ್ಕೆ ಕೆಲವರಿಗೆ ವ್ಯತ್ಯಾಸ ತಿಳಿಯುತ್ತದೆ. ಅಧ್ಯಯನಗಳು ಹೆಚ್ಚಾಗಿ 8 ವಾರದ ಲೆಕ್ಕ ಇಟ್ಟಿವೆ, ನೀವೂ ಅಷ್ಟು ಕೊಟ್ಟು ನೋಡಿ. ಬೆಳಕು, ಬಣ್ಣ ಕಾಣುತ್ತದೆಯೇ ಎಂದು ಅಳೆಯಬೇಡಿ. ನಿದ್ದೆ ಬರಲು ಎಷ್ಟು ಹೊತ್ತಾಯಿತು, ಸಿಟ್ಟು ಬಂದ ಮೇಲೆ ತಣ್ಣಗಾಗಲು ಎಷ್ಟು ಹೊತ್ತಾಯಿತು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಜಾತ್ರೆ, ಮದುವೆ, ಸುಗ್ಗಿಯಲ್ಲಿ ತಪ್ಪುವುದು ಸಹಜ. ಬಿಟ್ಟ ದಿನಗಳನ್ನು ಒಟ್ಟುಗೂಡಿಸಿ ಒಂದೇ ದಿನ ತೀರಿಸಲು ಹೋಗದೆ, ಮರುದಿನ 5 ನಿಮಿಷದಿಂದ ಶುರು ಮಾಡಿ. ಹಳೇ ಅಳತೆಗೆ ವಾರದಲ್ಲಿ ಬರುತ್ತೀರಿ.

ಮಕ್ಕಳಿಗೆ ಹೇಳಿಕೊಡಬಹುದೇ?

ಹತ್ತು ವರ್ಷದೊಳಗಿನವರಿಗೆ 2-3 ನಿಮಿಷ ಸಾಕು: ಮಲಗಿಸಿ, ಹೊಟ್ಟೆಯ ಮೇಲೆ ಒಂದು ಹಗುರ ಆಟಿಕೆ ಇಟ್ಟು, ಅದು ಏರಿಳಿಯುವುದನ್ನು ನೋಡಲು ಹೇಳಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಓದಲು ಕೂರುವ ಮುಂಚೆ 5 ನಿಮಿಷ. ಪರೀಕ್ಷೆಯ ಹಿಂದಿನ ದಿನ ಮೊದಲ ಸಲ ಕಲಿಸಲು ಹೋಗಬೇಡಿ, ಒಂದು ತಿಂಗಳು ಮುಂಚೆ ಶುರು ಮಾಡಿಸಿ. ಗದರಿಸಿ ಕೂರಿಸಿದರೆ ಮಗು ಕಣ್ಣು ಮುಚ್ಚಿಕೊಂಡು ಗಡಿಯಾರ ಎಣಿಸುತ್ತದೆ. ಅದರ ಪಕ್ಕದಲ್ಲಿ ನೀವೂ ಕೂತುಕೊಳ್ಳಿ.